ಕೊಟ್ಟಿಗೆಯಲ್ಲಿ ನಿಂತಿದ್ದ ಸ್ಪ್ಲೆಂಡರ್: ಥಂಡಿ ಹೊಕ್ಕ ದಾರಿ ಹುಡುಕಿ ಮಾಡಿದ ರಿಪೇರಿ

ಹಳೆಯ ಗಾಡಿ ಮನೆಗೆ ಬಂದ ಕೂಡಲೇ ಎಲ್ಲರ ಕಾಲೂ ಕಿಕ್ಕರ್ ಮೇಲೆ ಹೋಗುತ್ತದೆ. ಬಯಲುಸೀಮೆಯಲ್ಲಿ ನಿಂತ ಗಾಡಿಯಾದರೆ ಅದು ನಡೆದೀತು. ಆಗುಂಬೆ ಸುತ್ತಮುತ್ತ ಏಳೆಂಟು ಮಳೆಗಾಲ ಕಂಡ ಗಾಡಿಗೆ ಹಾಗೆ ಮಾಡಬಾರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ. ಅಟ್ಟದ ಮೇಲಿಟ್ಟ ಚಪ್ಪಲಿಗೂ ಬೂಸ್ಟು ಬರುತ್ತದೆ. ಆ ಗಾಳಿ ಎಂಜಿನ್ ಒಳಗೂ ಹೋಗಿರುತ್ತದೆ ಅಲ್ವಾ? ಎಲ್ಲೆಲ್ಲಿ ಹೋಗಿದೆ, ಯಾವ ದಾರಿಯಿಂದ ಹೋಗಿದೆ ಅಂತ ಮೊದಲು ನೋಡಬೇಕು. ಕಿಕ್ಕರ್ ಆಮೇಲೆ.

ಗಾಡಿ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್. 97.2 ಸಿಸಿ. 1985ರಲ್ಲಿ ಸಿಡಿ 100 ಬೈಕಿನ ಜೊತೆ ಬಂದ ಅದೇ ಮಲಗಿದ ಸಿಲಿಂಡರಿನ ಎಂಜಿನ್. ತೀರ್ಥಹಳ್ಳಿ ತಾಲೂಕಿನ ಒಂದು ಅಡಿಕೆ ತೋಟದ ಮನೆಯ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ ನಿಂತಿತ್ತು. ಮನೆಯ ಯಜಮಾನರು, 'ನಿಲ್ಸೋ ದಿನದವರೆಗೂ ಒಂದೇ ಕಿಕ್ಕಿಗೆ ಚಾಲೂ ಆಗ್ತಿತ್ತು ಮಾರಾಯ. ಮಗ ಹೊಸದು ತಗಂಡ, ಇದನ್ನ ಯಾರೂ ಮುಟ್ಲಿಲ್ಲ' ಅಂದರು. ಈ ಮಾತು ನನಗೆ ಬಹಳ ಮುಖ್ಯ. ಕೆಟ್ಟು ನಿಂತ ಗಾಡಿ ಬೇರೆ, ಸುಮ್ನೆ ನಿಂತು ಕೆಟ್ಟ ಗಾಡಿ ಬೇರೆ. ಎರಡನೆಯದರಲ್ಲಿ ಸವೆತ ಹುಡುಕುತ್ತಾ ಹೋದರೆ ದಾರಿ ತಪ್ಪುತ್ತದೆ. ಹುಡುಕಬೇಕಾದ್ದು ತುಕ್ಕು, ನೀರು, ಅಂಟು ಮತ್ತು ಹುಳು.

ಪಿಕಪ್‌ನಲ್ಲಿ ತಂದು ಜಗಲಿ ಪಕ್ಕ ನಿಲ್ಲಿಸಿದೆ. ಎಂಜಿನ್ ತಿರುಗಿಸುವ ಮೊದಲೇ ಟ್ಯಾಪೆಟ್ ಕ್ಯಾಪ್, ಅಂದರೆ ವಾಲ್ವ್‌ಗಳ ಮೇಲಿನ ಮುಚ್ಚಳ, ಎರಡನ್ನೂ ಬಿಚ್ಚಿದೆ. ಈ ಎಂಜಿನ್‌ನಲ್ಲಿ ಗಾಳಿ ಒಳಬರುವ ಇನ್‌ಲೆಟ್ ವಾಲ್ವಿನ ಕ್ಯಾಪ್ ಮೇಲೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವಿನದು ಕೆಳಗೆ. ವಾಲ್ವನ್ನು ಒತ್ತಿ ತೆರೆಯುವ ಸನ್ನೆಗೆ ರಾಕರ್ ಅನ್ನುತ್ತಾರೆ. ಮೇಲಿನ ರಾಕರ್ ಸಡಿಲವಾಗಿತ್ತು. ಕೆಳಗಿನದು ವಾಲ್ವನ್ನು ಒತ್ತಿ ಹಿಡಿದಿತ್ತು. ಅಂದರೆ ಇಷ್ಟು ವರ್ಷವೂ ಎಕ್ಸಾಸ್ಟ್ ವಾಲ್ವ್ ತೆರೆದುಕೊಂಡೇ ನಿಂತಿದೆ. ಸೈಲೆನ್ಸರ್ ಬಾಯಿಂದ ಸಿಲಿಂಡರ್ ತನಕ ಅಡ್ಡಿ ಇಲ್ಲದ ದಾರಿ. ಒಂದು ಫೋಟೊ ತೆಗೆದು, ಪುಸ್ತಕದಲ್ಲಿ ಬರೆದಿಟ್ಟೆ. ಆ ಒಂದು ಸಾಲು ಮುಂದೆ ತುಂಬಾ ಕೆಲಸಕ್ಕೆ ಬಂತು.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸಣ್ಣ ಪ್ಲಗ್, 16ರ ಸ್ಪಾನರ್ ಬೇಕು. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಅಷ್ಟೂ ಸಿಲಿಂಡರಿಗೆ ಬೀಳುತ್ತದೆ. ರಂಧ್ರದಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟೆ. ಇಲ್ಲೊಂದು ಸೂಕ್ಷ್ಮವಿದೆ. ಬುಲೆಟ್‌ನಂತೆ ನೆಟ್ಟಗೆ ನಿಂತ ಸಿಲಿಂಡರಿನಲ್ಲಿ ಆಯಿಲ್ ಪಿಸ್ಟನ್ ಮೇಲೆ ಕೂತು ಸುತ್ತಲೂ ಇಳಿಯುತ್ತದೆ. ಮಲಗಿದ ಸಿಲಿಂಡರಿನಲ್ಲಿ ಅದು ಕೆಳಗಿನ ಗೋಡೆಗೆ ಮಾತ್ರ ಸೇರುತ್ತದೆ. ಮೇಲಿನ ಗೋಡೆ ಒಣಗಿಯೇ ಇರುತ್ತದೆ. ಅದಕ್ಕೆ ಉದ್ದ ನಳಿಕೆಯ ಸ್ಪ್ರೇಯಿಂದ ಎಲ್ಲ ಕಡೆಗೂ ಹೊಡೆದು ಒಂದು ರಾತ್ರಿ ಬಿಟ್ಟೆ. ಮರುದಿನ ಎಡಗಡೆಯ ಮ್ಯಾಗ್ನೆಟ್ ಕವರಿನ ಕ್ಯಾಪ್ ತೆಗೆದು, ನಟ್‌ಗೆ ಸಾಕೆಟ್ ಹಾಕಿ, ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಕೈಯಿಂದ ನಿಧಾನ ತಿರುಗಿಸಿದೆ. ಮೊದಲು ಬಿಗಿ, ಆಮೇಲೆ ಸಲೀಸು. ಕರಕರ ಸದ್ದಿಲ್ಲ, ಎಲ್ಲೂ ಹಿಡಿಯಲಿಲ್ಲ. ಇದೇ ಕೆಲಸವನ್ನು ಕಿಕ್ಕರ್‌ನಿಂದ ಜೋರಾಗಿ ಮಾಡಿದ್ದರೆ, ತುಕ್ಕು ಹಿಡಿದ ಜಾಗದಲ್ಲಿ ಪಿಸ್ಟನ್ ರಿಂಗ್ ಸಿಕ್ಕಿ ಮುರಿಯಬಹುದು, ಸಿಲಿಂಡರಿಗೆ ಗೆರೆ ಬೀಳಬಹುದು.

ಆಯಿಲ್ ಇಳಿಸಿದಾಗ ಮೊದಲು ಬಂದದ್ದು ನೀರು. ಸ್ವಲ್ಪವೇ, ಆದರೆ ಸ್ಪಷ್ಟವಾಗಿ ನೀರು. ಅದರ ಹಿಂದೆ ಹಾಲು ಬೆರೆಸಿದ ಕಾಫಿ ಬಣ್ಣದ ಆಯಿಲ್. ಯಾರೂ ಸುರಿದ ನೀರಲ್ಲ ಅದು. ಹಗಲು ಬಿಸಿ, ರಾತ್ರಿ ತಂಪು ಆದಂತೆ ಎಂಜಿನ್ ಉಸಿರಾಡುತ್ತದೆ. ಒಳಗೆ ಬಂದ ಹಸಿ ಗಾಳಿ ಲೋಹಕ್ಕೆ ತಾಗಿ ಹನಿಯಾಗಿ ಕೆಳಗೆ ಸೇರುತ್ತದೆ. ಕಡಿಮೆ ಬೆಲೆಯ ಹೊಸ ಆಯಿಲ್ ಹಾಕಿ, ಕೈಯಿಂದ ತಿರುಗಿಸಿ, ಅದನ್ನೂ ಇಳಿಸಿದೆ. ಬಲಗಡೆಯ ಕವರ್ ತೆಗೆದು ತಳದ ಜಾಲರಿ ತೊಳೆದೆ. ಈ ಎಂಜಿನ್‌ಗೆ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಕ್ಲಚ್ ಪಕ್ಕ ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಒಂದು ಬಟ್ಟಲಿದೆ. ಕೊಳೆಯೆಲ್ಲ ಅದರ ಗೋಡೆಗೆ ಅಂಟಿ ಕೂರುತ್ತದೆ. ಅದರ ಮುಚ್ಚಳ ತೆಗೆದು ಕೆರೆದರೆ ಮಣ್ಣಿನಂಥ ಕಪ್ಪು ಪದರ ಬಂತು. ಸರ್ವಿಸ್ ಸ್ಟೇಷನ್‌ಗಳಲ್ಲಿ ಇದನ್ನು ಬಿಚ್ಚುವವರು ಕಡಿಮೆ. ಕವರ್ ತೆಗೆದ ಮೇಲೆ ಬಿಡಬೇಡಿ.

ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು. ಅಡಿಕೆ ಸಿಪ್ಪೆಯ ನಾರು, ಚೀಲದ ದಾರ, ಫಿಲ್ಟರಿನದೇ ಸ್ಪಂಜು. ಸೈಲೆನ್ಸರಿನ ಬಾಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು. ಎರಡನ್ನೂ ಚೊಕ್ಕ ಮಾಡಿದೆ, ಫಿಲ್ಟರ್ ಹೊಸದು ಹಾಕಿದೆ.

ಇಲಿ ಬಂದಿದೆ ಎಂದರೆ ವೈರನ್ನೂ ಕಡಿದಿರುತ್ತದೆ. ಕಿಡಿ ನೋಡಿದರೆ ಇಲ್ಲವೇ ಇಲ್ಲ. ಪ್ಲಗ್‌ಗೆ ಕಿಡಿ ಕೊಡಿಸುವ ಪೆಟ್ಟಿಗೆ ಸಿಡಿಐ. ಈ ಹಳೆಯ ಸ್ಪ್ಲೆಂಡರಿನ ಸಿಡಿಐಗೆ ಬ್ಯಾಟರಿ ಬೇಡ, ಮ್ಯಾಗ್ನೆಟ್ ಕಾಯಿಲ್‌ನಿಂದಲೇ ಕರೆಂಟ್ ಬರುತ್ತದೆ. ಹಾಗಾಗಿ ಬ್ಯಾಟರಿ ಸತ್ತಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿಡಿಐಗೆ ಬರುವ ಕಪ್ಪು-ಬಿಳಿ ವೈರ್ ಕೀ ಲಾಕ್‌ನಿಂದ ಬರುವುದು. ಕೀ ಆಫ್ ಮಾಡಿದಾಗ ಅದು ಅರ್ತ್ ಆಗಿ ಕಿಡಿ ನಿಲ್ಲುತ್ತದೆ. ಆ ಒಂದು ವೈರ್ ಕಳಚಿ ಮತ್ತೆ ನೋಡಿದರೆ ಕಿಡಿ ಬಂತು! ಅಂದರೆ ಸಿಡಿಐ, ಕಾಯಿಲ್ ಎಲ್ಲ ಸರಿಯಾಗಿವೆ. ಕೀ ಲಾಕ್ ಒಳಗೆ ಹಸಿರು ಪಾಚಿಯಂತೆ ಕಿಲುಬು ಕಟ್ಟಿತ್ತು. ಕೊಟ್ಟಿಗೆಯ ಗಾಳಿಯಲ್ಲಿ ಗಂಜಲದ ಅಮೋನಿಯಾ ಇರುತ್ತದೆ. ತಾಮ್ರಕ್ಕೆ, ಹಿತ್ತಾಳೆಗೆ ಅದು ಆಗಿಬರುವುದಿಲ್ಲ. ಲಾಕ್ ಬದಲಿಸಿದೆ. ಯಾವಾಗ ಕಿಡಿ ಬರಬೇಕೆಂದು ಸಿಡಿಐಗೆ ತಿಳಿಸುವ ಪಲ್ಸರ್ ವೈರನ್ನು ಇಲಿ ಅರ್ಧ ಕಡಿದಿತ್ತು, ಅದಕ್ಕೆ ಬೆಸುಗೆ ಹಾಕಿ ಸ್ಲೀವ್ ಹಾಕಿದೆ. ಪ್ಲಗ್ ಕ್ಯಾಪ್ ಒಳಗಿನ ಸ್ಕ್ರೂ ತುಕ್ಕಾಗಿತ್ತು. ಕ್ಯಾಪ್ ತಿರುಗಿಸಿ ತೆಗೆದು, ವೈರಿನ ತುದಿ ಸ್ವಲ್ಪ ಕತ್ತರಿಸಿ, ಹೊಸ ಕ್ಯಾಪ್ ಹಾಕಿದೆ. ಹೊಸ ಪ್ಲಗ್, ಗ್ಯಾಪ್ 0.6ರಿಂದ 0.7 ಮಿ.ಮೀ. ಈಗ ಕಿಡಿ ನೀಲಿ ಬಣ್ಣಕ್ಕೆ ಬಂತು, ಚಟ್ ಅಂತ ಕೇಳಿಸುವಷ್ಟು ಗಟ್ಟಿ.

ಪೆಟ್ರೋಲ್ ಕಡೆಯ ಕೆಲಸ ಬೇಸರದ್ದು, ಆದರೆ ಅರೆಬರೆ ಮಾಡಿದರೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಟ್ಯಾಂಕಿನಲ್ಲಿ ಉಳಿದಿದ್ದನ್ನು ಗಾಜಿನ ಬಾಟಲಿಗೆ ಇಳಿಸಿದೆ. ಮೇಲೆ ಕಂದು ಬಣ್ಣದ ವಾರ್ನಿಷ್ ವಾಸನೆಯ ಪೆಟ್ರೋಲ್. ಕೆಳಗೆ ಬೇರೆಯಾಗಿ ನಿಂತ ಒಂದು ಪದರ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಸೇರಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕ್ ಇರುವುದೂ ತಳದಲ್ಲೇ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತದ್ದು. ಹಾಗಾಗಿ ಮಲೆನಾಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಈ ತೊಂದರೆ ಮುಂದೆ ಹೆಚ್ಚೇ ಆಗುತ್ತದೆ. ಹಳೆಯ ರಬ್ಬರಿಗೂ ಅದು ಒಳ್ಳೆಯದಲ್ಲ. ಪೆಟ್ರೋಲ್ ಪೈಪ್, ಕಾಕ್ ವಾಷರ್, ಕಾರ್ಬುರೇಟರ್ ಬಟ್ಟಲಿನ ರಿಂಗ್, ಎಲ್ಲ ಹೊಸದು ಹಾಕಿಬಿಟ್ಟೆ.

ಟ್ಯಾಂಕಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಪುಡಿ ಬಳಸಿದೆ. ಮೊದಲು ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಪೆಟ್ರೋಲಿನ ಜಿಡ್ಡು ಹೋಗಿಸಬೇಕು, ಇಲ್ಲದಿದ್ದರೆ ಆಸಿಡ್ ತುಕ್ಕಿಗೆ ತಾಗುವುದೇ ಇಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಪುಡಿ ಕರಗಿಸಿ ತುಂಬಿಸಿ, ಒಂದು ಹಿಡಿ ನಟ್ ಹಾಕಿ ಅಲ್ಲಾಡಿಸಿ, ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದೆ. ಇದಾದ ಮೇಲೆ ಒಣಗಿಸಲು ತಡ ಮಾಡಬಾರದು. ಬೆತ್ತಲಾದ ಕಬ್ಬಿಣಕ್ಕೆ ಕಣ್ಣೆದುರೇ ಮತ್ತೆ ಕೆಂಪು ಬರುತ್ತದೆ. ನಮ್ಮ ಕಡೆ ಏನೇ ಒಣಗಿಸಬೇಕಾದರೂ ಬಚ್ಚಲೊಲೆ ಪಕ್ಕ ಇಡುವ ಅಭ್ಯಾಸ. ಟ್ಯಾಂಕನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ. ಎಷ್ಟೇ ತೊಳೆದರೂ ಮಡಿಕೆಗಳಲ್ಲಿ ಪೆಟ್ರೋಲ್ ಆವಿ ಉಳಿದಿರುತ್ತದೆ. ಬಿಸಿಲಿಗೆ ಇಟ್ಟು, ಟ್ಯೂಬಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ಹೊಡೆದು ಒಣಗಿಸಿದೆ. ಕೂಡಲೇ ಸ್ವಲ್ಪ 2ಟಿ (ಟು-ಸ್ಟ್ರೋಕ್ ಗಾಡಿಯ) ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಒಳಗೆಲ್ಲ ತಾಗುವಂತೆ ಉರುಳಾಡಿಸಿ, ಅದನ್ನು ಇಳಿಸಿದೆ.

ಕಾರ್ಬುರೇಟರಿನ ಬಟ್ಟಲಲ್ಲಿ ಬೆಲ್ಲದ ಪಾಕದಂಥ ಅಂಟು. ಮೇನ್ ಜೆಟ್ ತೂತು ದೊಡ್ಡದು, ಬೇಗ ಬಿಟ್ಟುಕೊಂಡಿತು. ಪೈಲಟ್ ಜೆಟ್ ಮುಚ್ಚಿಹೋಗಿತ್ತು. ಐಡ್ಲಿಂಗ್‌ಗೆ, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುತ್ತಿರಲು, ಪೆಟ್ರೋಲ್ ಬರುವುದು ಇದರಿಂದಲೇ. ಇದು ಮುಚ್ಚಿದರೆ ಗಾಡಿ ಚೋಕ್‌ನಲ್ಲಿ ಮಾತ್ರ ಓಡುತ್ತದೆ, ಚೋಕ್ ಬಿಟ್ಟರೆ ನಿಲ್ಲುತ್ತದೆ. ಸೂಜಿ ಹಾಕಬೇಡಿ, ಹಿತ್ತಾಳೆ ಮೆತ್ತಗಿನದು, ತೂತು ದೊಡ್ಡದಾದರೆ ಜೆಟ್ ಎಸೆಯಬೇಕು. ವೈರಿನ ಒಳಗಿನ ತಾಮ್ರದ ಒಂದೇ ಎಳೆ ಸಾಕು. ಕ್ಲೀನರ್ ಸ್ಪ್ರೇ ಹೊಡೆದು, ಬೆಳಕಿಗೆ ಹಿಡಿದು, ತೂತು ದುಂಡಗೆ ಕಾಣುವ ತನಕ ಬಿಡಬಾರದು. ಜೆಟ್ ಕೂರುವ ಒಳದಾರಿಗಳಿಗೂ ಸ್ಪ್ರೇ ಹೊಡೆಯಿರಿ. ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಕಿಡಿ ಇದೆ, ಪೆಟ್ರೋಲ್ ಇದೆ. ಈಗ ಕಿಕ್ಕರ್ ಹೊಡೆದೆ. ಒಂದೆರಡು ಸಲ ಪಟ್ ಅಂತು, ಹತ್ತಲಿಲ್ಲ. ಕಾಲಿಗೆ ಹಿಡಿತವೇ ಸಿಗುತ್ತಿರಲಿಲ್ಲ, ಕಿಕ್ಕರ್ ಪೊಳ್ಳಾಗಿ ಇಳಿಯುತ್ತಿತ್ತು.

ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ (ಕಂಪ್ರೆಶನ್) ಅಂತ ಅಳೆಯುವ ಕಂಪ್ರೆಶನ್ ಗೇಜ್ ಬೇಕಾಯಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಂದು ಅಂಗಡಿಯಲ್ಲಿ 10 ಮಿ.ಮೀ. ತಿರುಪಿನ ಅಡಾಪ್ಟರ್ ಇದ್ದ ಗೇಜ್ ಸಿಕ್ಕಿತು. ಸಾಮಾನ್ಯವಾಗಿ ಬರುವುದು 14 ಮಿ.ಮೀ., ಅದು ಈ ಎಂಜಿನ್‌ಗೆ ಆಗುವುದಿಲ್ಲ, ಕೇಳಿ ತಗೊಳ್ಳಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಬಾರದೆ ಲೆಕ್ಕ ಕಡಿಮೆ ತೋರಿಸುತ್ತದೆ. 60 ಪಿಎಸ್‌ಐ (ಒತ್ತಡದ ಅಳತೆ) ಬಂತು. ಇದರಲ್ಲಿ ಗಾಡಿ ಹತ್ತುವುದಿಲ್ಲ.

ಲೇತ್ ಅಂಗಡಿಯವರು, 'ಬೋರ್ ಮಾಡ್ಸಿ ಪಿಸ್ಟನ್ ಹಾಕ್ಸಿಬಿಡಿ ಸಾರ್, ನಿಂತ ಗಾಡಿ ಅಲ್ವಾ' ಅಂದರು. ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಕಂಪ್ರೆಶನ್ ಕಡಿಮೆ ಅನ್ನುವುದು ಗಾಳಿ ಸೋರುತ್ತಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಎಲ್ಲಿಂದ ಸೋರುತ್ತಿದೆ ಅಂತ ಹೇಳುವುದಿಲ್ಲ. ಅದನ್ನು ತಿಳಿಯದೆ ಸಿಲಿಂಡರ್ ಕೊರೆಯುವುದು ಒಳ್ಳೆಯ ಲೋಹವನ್ನು ಹಾಳು ಮಾಡಿದಂತೆ. ಕಂಪನಿ ಬಿಟ್ಟ ಅಳತೆಯ ಸಿಲಿಂಡರ್ ಒಮ್ಮೆ ಹೋದರೆ ಹೋಯಿತು.

ರೂಢಿಯಲ್ಲಿರುವ ಪರೀಕ್ಷೆ ಎಂದರೆ ಪ್ಲಗ್ ತೂತಿಂದ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಲೆಕ್ಕ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ನನಗೆ ಹೆಚ್ಚು ಏರಲಿಲ್ಲ. ಆದರೆ ಮಲಗಿದ ಸಿಲಿಂಡರಿನಲ್ಲಿ ಆಯಿಲ್ ಕೆಳಗಷ್ಟೇ ನಿಲ್ಲುವುದರಿಂದ ಈ ಪರೀಕ್ಷೆಯನ್ನು ಪೂರ್ತಿ ನಂಬಲಾಗದು. ಅದಕ್ಕೆ ಗಾಳಿ ತುಂಬಿ ಕಿವಿ ಕೊಟ್ಟು ಕೇಳಿದೆ.

ಹೀಗೆ ಮಾಡಬೇಕು. ಮ್ಯಾಗ್ನೆಟ್ ಕವರಿನ ಕಿಂಡಿಯಲ್ಲಿ, ಪಿಸ್ಟನ್ ತುದಿಗೆ ಬಂದಿದೆ ಅಂತ ತೋರಿಸುವ ಟಿ ಗುರುತು ಗೆರೆಗೆ ಬರುವಂತೆ ತಿರುಗಿಸಿ. ಎರಡೂ ರಾಕರ್ ಸಡಿಲವಿದ್ದರೆ ಅದು ಕಂಪ್ರೆಶನ್ನಿನ ತುದಿ, ಎರಡೂ ವಾಲ್ವ್ ಮುಚ್ಚಿವೆ. ಇಲ್ಲದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಬ್ರೇಕ್ ಯಾರಾದರೂ ಒತ್ತಿ ಹಿಡಿಯಲಿ. ಗಾಳಿ ತುಂಬಿದರೆ ಪಿಸ್ಟನ್ ಕೆಳಗೆ ಜಾರುತ್ತದೆ, ಅದಕ್ಕೆ. ಗೇಜಿನ ಹೋಸ್ ತುದಿಯಲ್ಲಿರುವ ಸಣ್ಣ ವಾಲ್ವ್ ಪಿನ್ ತೆಗೆದು, ಹೋಸಿಗೆ ಟೈರ್ ಪಂಪ್ ಜೋಡಿಸಿ ಗಾಳಿ ಬಿಡಿ. ಗಾಳಿ ಕಾರ್ಬುರೇಟರ್ ಬಾಯಲ್ಲಿ ಕೇಳಿಸಿದರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಕೇಳಿಸಿದರೆ ರಿಂಗ್ ಅಥವಾ ಸಿಲಿಂಡರ್. ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್.

ಬ್ರೇಕ್ ಹಿಡಿದಿದ್ದ ಪಕ್ಕದ ಮನೆಯ ಹುಡುಗ ಸೈಲೆನ್ಸರ್ ಹತ್ತಿರ ಬಗ್ಗಿ, 'ಅಣ್ಣಾ, ಇಲ್ಲಿ ಬುಸ್ ಅಂತಿದೆ ನೋಡು' ಅಂದ. ಕೈ ಒಡ್ಡಿದರೆ ಗಾಳಿ ತಾಗುತ್ತಿತ್ತು. ಆಯಿಲ್ ಬಾಯಲ್ಲಿ ಸಣ್ಣ ಸದ್ದು ಮಾತ್ರ. ಅಷ್ಟು ಎಲ್ಲ ಎಂಜಿನ್‌ನಲ್ಲೂ ಇರುತ್ತದೆ.

ಪುಸ್ತಕದಲ್ಲಿ ಬರೆದಿಟ್ಟ ಸಾಲಿಗೆ ಇದು ಸರಿಯಾಗಿ ಕೂಡಿತು. ವರ್ಷಗಟ್ಟಲೆ ತೆರೆದು ನಿಂತಿದ್ದು ಅದೇ ವಾಲ್ವ್. ಸೈಲೆನ್ಸರಿನಿಂದ ಬಂದ ಥಂಡಿ ಅದರ ಮುಖಕ್ಕೂ ಸೀಟಿಗೂ ತಾಗಿ ತುಕ್ಕು ಕೂತಿದೆ. ಈಗ ಮುಚ್ಚಿದರೂ ಪೂರ್ತಿ ಕೂರುತ್ತಿಲ್ಲ. ಮೊದಲು ಹೆಡ್ (ಸಿಲಿಂಡರಿನ ತುದಿಯ, ವಾಲ್ವ್ ಇರುವ ಭಾಗ) ಬಿಚ್ಚದೆ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ವಾಲ್ವಿನ ತುದಿಗೆ ಮೆಲ್ಲಗೆ ತಟ್ಟಿ ನೋಡಿದೆ. ತೆರೆದು ಪಟ್ಟನೆ ಮುಚ್ಚಿದಾಗ ಸಡಿಲ ಕಸ ಉದುರುತ್ತದೆ. 60 ಇದ್ದದ್ದು 80ಕ್ಕೆ ಬಂದು ನಿಂತಿತು. ಸಾಲದು. ಹೆಡ್ ಇಳಿಸಿದೆ.

ಹೆಡ್ ಇಳಿಸುವಾಗ ನಾಲ್ಕು ನಟ್‌ಗಳ ವಾಷರ್ ಯಾವುದು ಎಲ್ಲಿತ್ತು ಅಂತ ಫೋಟೊ ತೆಗೆದಿಡಿ. ಎಲ್ಲವೂ ಒಂದೇ ಥರದ್ದಲ್ಲ. ಆಯಿಲ್ ಮೇಲೆ ಹೋಗುವ ಸ್ಟಡ್ಡಿನ ವಾಷರ್ ಅದಲುಬದಲಾದರೆ ಅಲ್ಲಿಂದ ಆಯಿಲ್ ಜಿನುಗುತ್ತದೆ. ಸಿಲಿಂಡರ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಕಡೆ ತೆಳ್ಳಗಿನ ತುಕ್ಕಿನ ಕಲೆ, ಬೆರಳಿಗೆ ಸಿಗದಷ್ಟು. ಕಂಪನಿಯ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಈ ಸಿಲಿಂಡರಿಗೆ ಬೋರ್ ಬೇಡವೇ ಬೇಡ.

ಎಕ್ಸಾಸ್ಟ್ ವಾಲ್ವಿನ ಮುಖದಲ್ಲಿ ಒಂದು ಪಕ್ಕ ಸಣ್ಣ ಸಣ್ಣ ಚುಕ್ಕಿ ಕುಳಿಗಳು. ಹೊಸ ವಾಲ್ವ್, ಹೊಸ ವಾಲ್ವ್ ಸೀಲ್ ತಂದೆ. ಸೀಟಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ಪಿನ ಕೋಲಿನಿಂದ ವಾಲ್ವನ್ನು ಅತ್ತಿತ್ತ ತಿರುಗಿಸುತ್ತಾ ತಿಕ್ಕಿದೆ. ಮೊದಲು ಒರಟು ಪೇಸ್ಟ್, ಆಮೇಲೆ ನುಣ್ಣನೆಯದು. ಮಧ್ಯೆ ಮಧ್ಯೆ ಎತ್ತಿ ಜಾಗ ಬದಲಿಸಬೇಕು. ಶುರುವಿನಲ್ಲಿ ಸದ್ದು ಒರಟು, ಸಾಕಾದಾಗ ಮೆತ್ತಗಾಗುತ್ತದೆ, ಕೈಗೇ ಗೊತ್ತಾಗುತ್ತದೆ. ಸುತ್ತಲೂ ತುಂಡಾಗದ ಬೂದು ಬಣ್ಣದ ಉಂಗುರ ಬಂದ ಮೇಲೆ ನಿಲ್ಲಿಸಿದೆ. ಈ ಕೆಲಸ ನನಗೆ ಬಹಳ ಇಷ್ಟ. ಅವಸರ ಮಾಡಿದರೆ ಆಗುವುದಿಲ್ಲ, ಆದರೆ ಮಾಡಿದ್ದಕ್ಕೆ ಕೂಡಲೇ ಫಲ ಕಾಣುತ್ತದೆ. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆದು, ಸ್ಪ್ರಿಂಗ್ ಹಾಕಿ, ಪೋರ್ಟಿಗೆ ಪೆಟ್ರೋಲ್ ಸುರಿದು ಬಿಟ್ಟೆ. ಒಂದು ಹನಿಯೂ ಈಚೆ ಬರಲಿಲ್ಲ. ಇನ್‌ಲೆಟ್ ವಾಲ್ವಿಗೂ ಇದೇ ಪರೀಕ್ಷೆ. ಅದು ಮೊದಲೇ ಸರಿಯಿತ್ತು, ಮುಟ್ಟಲಿಲ್ಲ.

ಜೋಡಿಸುವಾಗ ಮ್ಯಾಗ್ನೆಟ್‌ನಲ್ಲಿ ಟಿ ಗುರುತು, ಮೇಲೆ ಕ್ಯಾಮ್ ಸ್ಪ್ರಾಕೆಟ್ಟಿನ (ವಾಲ್ವ್‌ಗಳನ್ನು ನಡೆಸುವ ಹಲ್ಲುಚಕ್ರದ) ಸೊನ್ನೆ ಗುರುತು, ಎರಡೂ ಒಟ್ಟಿಗೆ ಕೂಡಬೇಕು. ಹೊಸ ಗ್ಯಾಸ್ಕೆಟ್. ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಟಾರ್ಕ್ ಸ್ಪಾನರಿನಿಂದ ಬಿಗಿದೆ. ಟ್ಯಾಪೆಟ್ ಗ್ಯಾಪ್ ಎರಡಕ್ಕೂ 0.05 ಮಿ.ಮೀ., ಎಂಜಿನ್ ತಣ್ಣಗಿದ್ದಾಗ. ನಿಮ್ಮ ಮಾಡೆಲಿಗೆ ಎಷ್ಟು ಅಂತ ಪುಸ್ತಕ ನೋಡಿ. ಕವರ್ ಹಾಕುವ ಮೊದಲು ಕೈಯಿಂದ ಪೂರ್ತಿ ಸುತ್ತಿಸಿ ಗುರುತುಗಳನ್ನು ಮತ್ತೆ ನೋಡಿದೆ. ಗೇಜ್ ಹಾಕಿದರೆ 150.

ಚೋಕ್ ಎಳೆದು ಕಿಕ್ಕರ್ ಹೊಡೆದೆ. ಹತ್ತಿತು. ಬಿಳಿ ಹೊಗೆ ಸ್ವಲ್ಪ ಹೊತ್ತು ಬಂತು. ಸಿಲಿಂಡರಿಗೆ ಹಚ್ಚಿದ ಆಯಿಲ್, ಸೈಲೆನ್ಸರಿನ ತೇವ, ಎರಡೂ ಹೋಗಬೇಕಲ್ಲ. ಬಿಸಿಯಾದ ಮೇಲೆ ಐಡ್ಲಿಂಗ್ ಏರುತ್ತಾ ಇಳಿಯುತ್ತಾ ಇತ್ತು. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಓ ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿ, ಅಲ್ಲಿಂದ ಗಾಳಿ ಒಳಸೇರುತ್ತಿತ್ತು. ಅದನ್ನು ಬದಲಿಸಿದ ಮೇಲೆ, ಗಾಳಿ-ಪೆಟ್ರೋಲ್ ಹದ ಮಾಡುವ ಏರ್ ಸ್ಕ್ರೂ ನನ್ನ ಮಾತು ಕೇಳಿತು.

ಆಗುಂಬೆ ಕಡೆ ಓಡಿಸಿ ನೋಡಲು ಹೊರಟೆ. ಮೇಗರವಳ್ಳಿ ತನಕ ಚೆನ್ನಾಗಿ ಹೋಯಿತು. ಅಲ್ಲಿಂದ ಮುಂದೆ ಏರಿನಲ್ಲಿ ಪೆಟ್ರೋಲ್ ಮುಗಿದಂತೆ ಎಳೆತ ಬಿಟ್ಟು ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತದೆ, ಮತ್ತೆ ನಿಲ್ಲುತ್ತದೆ. ಬಿಸಿಯಾದಾಗ ಕಾಯಿಲ್ ಕೈಕೊಟ್ಟರೂ ಹೀಗೇ ಆಗುತ್ತದೆ, ಅದಕ್ಕೆ ನಿಂತ ಕೂಡಲೇ ಎರಡನ್ನೂ ನೋಡಬೇಕು. ಪ್ಲಗ್ ತೆಗೆದು ನೋಡಿದರೆ ಕಿಡಿ ಇತ್ತು. ಕಾರ್ಬುರೇಟರಿನ ಡ್ರೇನ್ ಸ್ಕ್ರೂ ಬಿಚ್ಚಿದರೆ ಎರಡು ಹನಿ ಬಿದ್ದು ನಿಂತಿತು. ಟ್ಯಾಂಕಿನ ಮುಚ್ಚಳ ತೆರೆದೆ. ಉಸ್ ಅಂತ ಗಾಳಿ ಒಳಗೆ ಹೋಯಿತು, ಕೆಳಗೆ ಪೆಟ್ರೋಲ್ ಧಾರೆಯಾಗಿ ಬಂತು. ಮುಚ್ಚಳದ ಗಾಳಿ ಕಿಂಡಿಯಲ್ಲಿ ಕಣಜ ಮಣ್ಣು ತುಂಬಿತ್ತು. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು, ಬಾರದಿದ್ದರೆ ಒಳಗಿನ ಎಳೆತಕ್ಕೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಅಲ್ಲೇ ತಂತಿಯಿಂದ ಚುಚ್ಚಿ ತೆಗೆದೆ. ಆಗುಂಬೆಗೆ ಹೋಗಿ ವಾಪಸ್ ಬರುವ ತನಕ ಒಮ್ಮೆಯೂ ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ಬಿಸಿ ಇದ್ದಾಗಲೇ ಆಯಿಲ್ ಇಳಿಸಿದೆ. ಈ ಸಲ ನೀರಿಲ್ಲ, ಹಾಲು ಬಣ್ಣವೂ ಇಲ್ಲ. ಪ್ಲಗ್ ತುದಿ ತಿಳಿ ಕಂದು. ಹೆಡ್ ಬಿಚ್ಚಿ ಜೋಡಿಸಿದ್ದರಿಂದ, ತಣ್ಣಗಾದ ಮೇಲೆ ಟ್ಯಾಪೆಟ್ ಮತ್ತೆ ಅಳೆದೆ. ಸ್ವಲ್ಪ ಬದಲಾಗಿತ್ತು, ಸರಿ ಮಾಡಿದೆ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರು ಇಷ್ಟು ಮಾಡಿ. ಪೆಟ್ರೋಲ್ ಪೂರ್ತಿ ಇಳಿಸಿ, ಕಾರ್ಬುರೇಟರ್ ಬಟ್ಟಲೂ ಖಾಲಿಯಾಗಲಿ. ಖಾಲಿ ಟ್ಯಾಂಕಿಗೆ ಸ್ವಲ್ಪ ಆಯಿಲ್ ಹಾಕಿ ಒಳಗೆಲ್ಲ ಹರಿಸಿ. ಎಂಜಿನನ್ನು ಟಿ ಗುರುತಿಗೆ, ಎರಡೂ ರಾಕರ್ ಸಡಿಲ ಇರುವಲ್ಲಿಗೆ ತಂದು ನಿಲ್ಲಿಸಿ. ಟ್ಯಾಪೆಟ್ ಕ್ಯಾಪ್ ಬಿಚ್ಚಲು ಬೇಸರವಾದರೆ ಕಿಕ್ಕರನ್ನು ಕೈಯಿಂದ ಒತ್ತಿ, ಗಟ್ಟಿ ಹಿಡಿತ ಸಿಗುವಲ್ಲಿ ಬಿಡಿ, ಹೆಚ್ಚುಕಡಿಮೆ ಅದೇ ಜಾಗ. ಸೈಲೆನ್ಸರ್ ತಣ್ಣಗಾಗಿ ಒಣಗಿದ ಮೇಲೆ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಕೊಟ್ಟಿಗೆ ಬಿಟ್ಟು ಬೇರೆಲ್ಲಾದರೂ ನಿಲ್ಲಿಸಿ.

ಇನ್ನು ಉಳಿದಿರುವುದು ಮುಂದಿನ ಫೋರ್ಕ್ ಸೀಲ್, ಎರಡು ಟೈರ್, ಬ್ಯಾಟರಿ. ಆರ್‌ಸಿಯ 15 ವರ್ಷ ಮುಗಿದಿದೆ. ಗಾಡಿ ಕೆಎ 14, ಹಾಗಾಗಿ ಶಿವಮೊಗ್ಗದ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ ಇನ್ನೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೂ ಮೊದಲು ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ. ಫೋರ್ಕ್ ಸೀಲ್ ತಂದಿಟ್ಟಾಗಿದೆ, ಈ ವಾರ ಬಿಚ್ಚುತ್ತೇನೆ.